ಕಡಲಿನ ಜೀವಿಗೆ ಕಡಲ ನೀರೇ ಬೇಕು

ಮಾನ್ಯರೇ,

ಸಮುದ್ರದ ಸೂಕ್ಷ್ಮಜೀವಿಗಳಲ್ಲಿ ಹೊಸ ಔಷಧಗಳನ್ನು ಹುಡುಕುವ ಕುರಿತ ವರದಿ ಓದಿದೆ. ಈ ಹುಡುಕಾಟ ಹಲವು ಬಾರಿ ದಾರಿ ತಪ್ಪುವುದು ಸೂಕ್ಷ್ಮಜೀವಿಗಳನ್ನು ಬೆಳೆಸುವ ಪ್ರಯೋಗಾಲಯದ ಪೆಟ್ರಿ ತಟ್ಟೆಯಲ್ಲೇ.

ಪೋಷಕ ಮಾಧ್ಯಮವನ್ನು ಸಿಹಿನೀರಿನಲ್ಲಿ ತಯಾರಿಸಿ, ವಾರದೊಳಗೆ ತಟ್ಟೆ ಎಸೆದರೆ ಸಿಗುವುದು ಬೇಗ ಬೆಳೆಯುವ ಪರಿಚಿತ ಜೀವಿಗಳಷ್ಟೆ. ಕ್ಯಾನ್ಸರ್ ಕೋಶಗಳ ಪ್ರೋಟಿಯಾಸೋಮನ್ನು (ಬೇಡದ ಪ್ರೋಟೀನ್‌ಗಳನ್ನು ಒಡೆಯುವ ಕೋಶದ ವ್ಯವಸ್ಥೆ) ತಡೆಯುವ ಸಲಿನೋಸ್ಪೊರಮೈಡ್-ಎ ಸಂಯುಕ್ತವನ್ನು ಕೊಟ್ಟ ಸಲಿನಿಸ್ಪೊರಾ ಬ್ಯಾಕ್ಟೀರಿಯಾ ಕಡಲ ನೀರಿಲ್ಲದೆ ಬೆಳೆಯಲೇ ಇಲ್ಲ. ಅದರ ವಸಾಹತು, ಅಂದರೆ ತಟ್ಟೆಯ ಮೇಲೆ ಬೆಳೆಯುವ ಗುಂಪು, ಕಣ್ಣಿಗೆ ಕಾಣಲು ವಾರಗಳೇ ಹಿಡಿಯುತ್ತವೆ. ಇಂಥ ಜೀವಿಗಳಿರುವ ಕಡಲ ತಳದ ಕೆಸರನ್ನು ತಟ್ಟೆಗೆ ಹಾಕುವ ಮೊದಲು 55 ಡಿಗ್ರಿ ಸೆಲ್ಸಿಯಸ್‌ನಲ್ಲಿ 6 ನಿಮಿಷ ಬಿಸಿ ಮಾಡಿದರೆ ಶಾಖ ತಾಳದ ಬ್ಯಾಕ್ಟೀರಿಯಾಗಳು ಬಹುತೇಕ ಸಾಯುತ್ತವೆ, ಸಲಿನಿಸ್ಪೊರಾದಂಥ ಜೀವಿಗಳ ಶಾಖ ತಾಳುವ ಬೀಜಕಗಳು ಉಳಿಯುತ್ತವೆ. ಇಷ್ಟು ಸರಳ ಕ್ರಮವನ್ನು ಬಿಟ್ಟುಬಿಡುವುದು ನಿಜಕ್ಕೂ ಬೇಸರದ ಸಂಗತಿ. ಶಿಲೀಂಧ್ರಗಳಲ್ಲೂ ಅಷ್ಟೆ, ಉಪ್ಪಿನ ಪ್ರಮಾಣ ಬದಲಾದರೆ ಅವು ತಯಾರಿಸುವ ರಾಸಾಯನಿಕಗಳೇ ಬದಲಾಗಬಹುದು.

ಆದ್ದರಿಂದ ಅನುದಾನ ನೀಡುವ ಸಂಸ್ಥೆಗಳು ಕಡಲ ನೀರಿನ ಮಾಧ್ಯಮ ಮತ್ತು ತಟ್ಟೆಗಳನ್ನು ಬೆಳೆಯಲು ಬಿಡುವ ಕನಿಷ್ಠ 6 ವಾರಗಳ ಕಾವಿನ ಅವಧಿಯನ್ನು ಯೋಜನೆಯಲ್ಲೇ ಕೇಳಬೇಕು. ಔಷಧದ ಗುಣ ತೋರುವ ಸಾರ ಜೀವಿಯಿಂದ ಸಿಕ್ಕ ಕೂಡಲೇ, ಶುದ್ಧೀಕರಣಕ್ಕೆ ಇಳಿಯುವ ಮೊದಲು, ಅದರಲ್ಲಿರುವ ಅಣುಗಳ ದ್ರವ್ಯರಾಶಿಯನ್ನು ಅಳೆದು ಈಗಾಗಲೇ ತಿಳಿದಿರುವ ಸಂಯುಕ್ತಗಳ ದತ್ತಸಂಚಯದೊಂದಿಗೆ ಹೋಲಿಸುವುದನ್ನೂ ಕಡ್ಡಾಯ ಮಾಡಲಿ; ಆಗ ಹಳೆಯ ಸಂಯುಕ್ತವನ್ನೇ ಮತ್ತೆ ಕಂಡುಹಿಡಿಯುವ ಶ್ರಮ ತಪ್ಪುತ್ತದೆ.

– ಸೂಕ್ಷ್ಮಜೀವಶಾಸ್ತ್ರದ ಅಧ್ಯಾಪಕ