ಹಾಡೇ ಕಥೆಯಾಗಿರುವಾಗ ಸಂಭಾಷಣೆ ಯಾಕೆ?

ಮಾನ್ಯ ಸಂಪಾದಕರೇ,

ಹಂಗೇರಿಯ ಸಂಗೀತ ಸಂಯೋಜಕ ಜೋಲ್ತಾನ್ ಕೋದಾಯ್ ಅವರ ‘ಸೇಕೆಯ್‌ಫೋನೋ’ (ಟ್ರಾನ್ಸಿಲ್ವೇನಿಯಾದ ಸೇಕೆಯ್ ಜನರ ನೂಲುವ ಮನೆ ಎಂದರ್ಥ) ಒಪೆರಾವನ್ನು ಹೊಸದಾಗಿ ರಂಗಕ್ಕೆ ತರುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕಥೆ ತೀರಾ ತೆಳುವಾಗಿದೆ, ನಡುವೆ ಸಂಭಾಷಣೆ ಸೇರಿಸಿದರೆ ಇಂದಿನವರಿಗೆ ಹಿಡಿಸೀತು ಎಂಬ ಲೇಖಕರ ಸಲಹೆಯನ್ನು ನಾನು ಒಪ್ಪಲಾರೆ. ಬುಡಾಪೆಸ್ಟ್‌ನಲ್ಲಿದ್ದ ನಾಲ್ಕು ವರ್ಷ ಹವ್ಯಾಸಿ ಗಾಯನವೃಂದವೊಂದರಲ್ಲಿ ಈ ಕೃತಿಯ ಕೆಲವು ಹಾಡುಗಳನ್ನು ಹಾಡಿದವಳು ನಾನು.

ಕಥೆ ಚಿಕ್ಕದು, ನಿಜ. ಪ್ರೇಮಿ ಪೊಲೀಸರ ಭಯಕ್ಕೆ ಊರು ಬಿಡುತ್ತಾನೆ. ಒಂಟಿಯಾದ ಮನೆಯಾಕೆಯನ್ನು ನೂಲಲು ಬಂದ ಹೆಂಗಸರು ಸಂತೈಸುತ್ತಾರೆ, ಹುಡುಗರು ಬಂದು ಕೀಟಲೆ ಮಾಡುತ್ತಾರೆ, ಕೊನೆಗೆ ಅವನು ನಿರ್ದೋಷಿ ಎಂದು ಗೊತ್ತಾಗುತ್ತದೆ. ಪಾತ್ರಗಳಿಗೆ ಹೆಸರೂ ಇಲ್ಲ. ಒಂದು ಹಳ್ಳಿಯ ಚಳಿಗಾಲದ ಸಂಜೆಯೇ ಇಲ್ಲಿನ ನಾಯಕ.

ಕೋದಾಯ್ 1905ರಿಂದ ಹಳ್ಳಿಗಳನ್ನು ಸುತ್ತಿ ಹಾಡು ಸಂಗ್ರಹಿಸಿದವರು. 1906ರಲ್ಲಿ ಇನ್ನೊಬ್ಬ ಸಂಯೋಜಕ ಬೇಲಾ ಬಾರ್ತೋಕ್ ಜೊತೆ 20 ಹಾಡುಗಳನ್ನು ಪಿಯಾನೋ ಪಕ್ಕವಾದ್ಯದೊಂದಿಗೆ ಪ್ರಕಟಿಸಿದರು. ಆದರೆ ಕಛೇರಿಯಲ್ಲಿ ನಿಂತು ಹಾಡಿದರೆ ಆ ಹಾಡಿನ ಮನೆ, ಕೆಲಸ, ಜನ ಎಲ್ಲಿ? ಅವನ್ನು ಹುಟ್ಟಿದ ಮನೆಯಲ್ಲೇ ತೋರಿಸುವ ಪ್ರಯತ್ನ ಈ ಒಪೆರಾ. ಮೊದಲ ಚಿಕ್ಕ ರೂಪ 1924ರದು. ಪೂರ್ಣ ರೂಪ ಬುಡಾಪೆಸ್ಟ್‌ನಲ್ಲಿ ರಂಗಕ್ಕೆ ಬಂದದ್ದು 1932ರ ಏಪ್ರಿಲ್ 24ರಂದು. ಈ ಹಾಡುಗಳ ತವರಾದ, ಮೊದಲು ಹಂಗೇರಿಗೆ ಸೇರಿದ್ದ ಟ್ರಾನ್ಸಿಲ್ವೇನಿಯಾ 1920ರ ಒಪ್ಪಂದದಲ್ಲಿ ರೊಮೇನಿಯಾದ ಪಾಲಾಗಿತ್ತು. ಅಂದಿನ ಪ್ರೇಕ್ಷಕರು ಅವನ್ನು ಯಾವ ಮನಸ್ಸಿನಿಂದ ಕೇಳಿರಬೇಕು! ಮಾತು ಬೇಕೆನ್ನುವವರಿಗೆ ಕೋದಾಯ್ ಅವರದೇ ಇನ್ನೊಂದು ರಂಗಕೃತಿ ‘ಹಾರಿ ಯಾನೋಶ್’ ಇದೆ, ಅದರಲ್ಲಿ ಹಾಡುಗಳ ನಡುವೆ ಸಂಭಾಷಣೆಯೂ ಇದೆ.

‘ಸೇಕೆಯ್‌ಫೋನೋ’ದಲ್ಲಿ ಬರುವ ಇಲೋನಾಳ ಲಾವಣಿಯನ್ನೇ ನೋಡಿ. ಅವಳಿಗಾಗಿ ಸಾಯುತ್ತೇನೆ ಎನ್ನುವ ಮಗನಿಗೆ ತಾಯಿ, ಅದ್ಭುತವಾದ ಗಿರಣಿ ಕಟ್ಟಿಸು, ನೋಡಲು ಬರುತ್ತಾಳೆ ಎನ್ನುತ್ತಾಳೆ. ಇಲೋನಾಳ ತಾಯಿ ಮಗಳನ್ನು ಕಳಿಸುವುದಿಲ್ಲ. ಕೊನೆಗೆ ಹುಡುಗ ಸತ್ತವನಂತೆ ಮಲಗುತ್ತಾನೆ. ಅವಳು ಬರುತ್ತಾಳೆ, ಅವನು ಏಳುತ್ತಾನೆ. ಇದಕ್ಕಿಂತ ನಾಟಕ ಇನ್ನೇನು ಬೇಕು?

ರಾಗದ ವಿಷಯವನ್ನೂ ಹೇಳಬೇಕು. ಹಂಗೇರಿಯ ಹಳೆಯ ಧಾಟಿಗಳ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವೇ. ಎಷ್ಟೋ ಹಾಡುಗಳಲ್ಲಿ ಮೊದಲರ್ಧದ ಧಾಟಿಯೇ ಸ–ಪ ಅಂತರದಷ್ಟು ಕೆಳಗಿಳಿದು ಎರಡನೆಯ ಅರ್ಧವಾಗುತ್ತದೆ. ಹಂಗೇರಿಯನ್ ಭಾಷೆಯಲ್ಲಿ ಒತ್ತು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ. ನಿಧಾನದ ಹಾಡುಗಳಿಗೆ ಕಟ್ಟುನಿಟ್ಟಿನ ತಾಳವಿಲ್ಲ, ಮಾತಿನ ನಡೆಯೇ ಲಯ. ನಮ್ಮ ವೃಂದದ ಗುರುಗಳು ಮೊದಲ ಎರಡು ದಿನ ಹಾಡಲು ಬಿಡದೆ ಸಾಲುಗಳನ್ನು ಬರೀ ಮಾತಿನಂತೆ ಹೇಳಿಸಿದ್ದರು. ಮೂರನೆಯ ದಿನ ಹಾಡು ತಾನಾಗಿ ಬಂತು. ಹಾಗಾಗಿ ಅನುವಾದವೂ ಬೇಡ, ಪರದೆಯ ಮೇಲೆ ಅರ್ಥ ತೋರಿಸಿದರೆ ಸಾಕು.

ರಂಗದ ಮೇಲೆ ಹೆಂಗಸರು ನಿಜವಾಗಿ ನೂಲಬೇಕು ಎಂಬುದು ನನ್ನ ದೊಡ್ಡ ಆಸೆ. ಕೋಲಿಗೆ ಸುತ್ತಿದ ನಾರನ್ನು ಎಡಗೈಯಲ್ಲಿ ಎಳೆದು, ಬೆರಳನ್ನು ಎಂಜಲಿನಿಂದ ಒದ್ದೆಮಾಡಿ, ಬಲಗೈಯಲ್ಲಿ ಕದಿರು ತಿರುಗಿಸುವ ಕೆಲಸವದು. ಹುಡುಗಿಯ ಕೈಯಿಂದ ಕದಿರು ಜಾರಿದರೆ ಎತ್ತಿಕೊಂಡ ಹುಡುಗ ಮುತ್ತು ಕೊಟ್ಟರಷ್ಟೇ ಹಿಂತಿರುಗಿಸುವೆ ಎನ್ನುವ ರೂಢಿಯಿತ್ತು. ಕೈ ಖಾಲಿಯಿದ್ದರೆ ಆ ಕೀಟಲೆಗೆ ಜಾಗವೆಲ್ಲಿ? ಸಂಭಾಷಣೆ ಬರೆಸುವ ಬದಲು ಗಾಯಕಿಯರಿಗೆ ಎರಡು ವಾರ ನೂಲುವುದನ್ನು ಕಲಿಸಲಿ.

– ಓದುಗಿ, ಮೈಸೂರು