ಜಕ್ಕಾಯನ ಲೆಕ್ಕ

ಮಾನ್ಯರೇ,

ನನ್ನ ಮೊಮ್ಮಗಳು ಕ್ರೈಸ್ತ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಾಳೆ. ಮೊನ್ನೆ ಬಂದವಳೇ, ‘ಅಜ್ಜಿ, ನಾಲ್ಕು ಪೆನ್ಸಿಲ್ ಬೇಕು’ ಎಂದಳು. ಗೆಳತಿಯದ್ದೊಂದನ್ನು ಸುಮ್ನೆ ಬ್ಯಾಗಿಗೆ ಹಾಕಿಕೊಂಡಿದ್ದಳಂತೆ. ಟೀಚರ್ ಬೈಯಲಿಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯ ತಾನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂತಿರುಗಿಸುವೆ ಎಂದ ಬೈಬಲ್ ಕಥೆ ಹೇಳಿದರಂತೆ, ಅಷ್ಟೇ. ಉಳಿದ ಲೆಕ್ಕ ಇವಳದೇ!

ಕ್ರೈಸ್ತ ಶಾಲೆಗಳಲ್ಲಿ ಪಾಠದ ಜೊತೆ ನಡತೆಯನ್ನೂ ಕಲಿಸುವ ಈ ದಾರಿ ಹೊಸದೇನಲ್ಲ. ಹೆಣ್ಣುಮಕ್ಕಳಿಗೆ ಕಲಿಸುವುದಕ್ಕೆ ಹೆಸರಾದ, ಕ್ರೈಸ್ತ ಮಹಿಳೆಯರ ಉರ್ಸುಲಿನ್ ಬಳಗವನ್ನು ಆ್ಯಂಜೆಲಾ ಮೆರಿಚಿ ಇಟಲಿಯಲ್ಲಿ ಕಟ್ಟಿದ್ದು 1535ರಲ್ಲಿ.

ಆದರೆ ಪೋಷಕರ ಸಭೆಯಲ್ಲಿ ನಾವು ಕೇಳುವುದು ಅಂಕ ಮಾತ್ರ. ನಾನೂ ಅದನ್ನೇ ಜಾಸ್ತಿ ಕೇಳಿದವಳು. ಪರೀಕ್ಷೆ ಬಂತೆಂದು ಆಟ, ಹಾಡು, ಕಥೆಯ ಪೀರಿಯಡ್‌ಗಳನ್ನು ಗಣಿತಕ್ಕೆ ಕೊಡಿ ಎಂದು ದಯವಿಟ್ಟು ಶಾಲೆಗಳನ್ನು ಒತ್ತಾಯಿಸಬೇಡಿ.

– ಒಬ್ಬ ಅಜ್ಜಿ