ಹ್ಯಾಸ್ಕೆಲ್‌ನಲ್ಲೂ ದಾಳ ಉರುಳುತ್ತದೆ

ಮಾನ್ಯರೇ,

ಹ್ಯಾಸ್ಕೆಲ್‌ನಂಥ ಶುದ್ಧ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾದೃಚ್ಛಿಕ (ರ‍್ಯಾಂಡಮ್) ಸಂಖ್ಯೆ ಪಡೆಯಲಾಗದು ಎಂದು ನಿಮ್ಮ ತಂತ್ರಜ್ಞಾನ ಪುಟದ ಲೇಖನ ಹೇಳಿದೆ. ಅದು ಅರ್ಧ ಸತ್ಯ. ಒಂದೇ ಇನ್‌ಪುಟ್‌ಗೆ ಫಂಕ್ಷನ್ ಒಂದೇ ಉತ್ತರ ಕೊಡಬೇಕು, ನಿಜ. ಅದಕ್ಕೇ ಜನರೇಟರನ್ನೇ, ಎಂದರೆ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಸಾಧನವನ್ನೇ, ಇನ್‌ಪುಟ್ ಮಾಡುತ್ತಾರೆ.

'ಎಂಕೆಎಸ್‌ಟಿಡಿಜೆನ್ 42' ಎಂದರೆ 42 ಎಂಬ ಬೀಜದಿಂದ (ಆರಂಭದ ಸಂಖ್ಯೆಯಿಂದ) ಒಂದು ಜನರೇಟರ್ ಸಿಗುತ್ತದೆ, ಜಿ0 ಅನ್ನೋಣ. 'ಯೂನಿಫಾರ್ಮ್‌ಆರ್ (1, 6) ಜಿ0' ಕರೆದರೆ ಬರುವುದು ಒಂದು ಜೋಡಿ: ದಾಳದ ಅಂಕೆ, ಜೊತೆಗೆ ಹೊಸ ಜನರೇಟರ್ ಜಿ1. ಮುಂದಿನ ಎಸೆತಕ್ಕೆ ಜಿ1 ಬಳಸಬೇಕು. ಹೊಸಬರು ಎಡವುವುದು ಇಲ್ಲೇ. ಮತ್ತೆ ಜಿ0 ಕೊಟ್ಟರೆ ಎರಡೂ ದಾಳ ಒಂದೇ ಅಂಕೆ ತೋರಿಸುತ್ತವೆ. ಕಂಪೈಲರ್ ಚಕಾರ ಎತ್ತುವುದಿಲ್ಲ. ಬೀಜ ಯಾವುದಿದ್ದರೂ ಮೊತ್ತ ಸಮಸಂಖ್ಯೆಯೇ ಬರುತ್ತಿದ್ದರೆ ಅನುಮಾನಪಡಿ. ಜನರೇಟರನ್ನು ಕೈಯಿಂದ ಕೈಗೆ ದಾಟಿಸುವ ರಗಳೆ ಬೇಡವೆಂದರೆ ಸ್ಟೇಟ್ ಮೊನಾಡ್ ಎಂಬ ವ್ಯವಸ್ಥೆ ಆ ಕೆಲಸವನ್ನು ಒಳಗೊಳಗೇ ಮಾಡುತ್ತದೆ.

ಬೀಜ 42 ಎಂದೇ ಬರೆದಿಟ್ಟರೆ ಪ್ರತಿ ಸಲವೂ ಅದೇ ಸರಣಿ. ಪರೀಕ್ಷೆ ಬರೆಯುವವರಿಗೆ ಇದು ವರ, ಆಟ ಬರೆಯುವವರಿಗೆ ತಲೆನೋವು. ಆಟಕ್ಕೆ ಐಒದೊಳಗೆ (ಹೊರಜಗತ್ತಿನೊಂದಿಗೆ ವ್ಯವಹರಿಸುವ ಭಾಗದೊಳಗೆ) 'ನ್ಯೂಎಸ್‌ಟಿಡಿಜೆನ್' ಕರೆದು, ಸಿಕ್ಕ ಜನರೇಟರನ್ನು ಶುದ್ಧ ಭಾಗಕ್ಕೆ ಒಪ್ಪಿಸಿದರಾಯಿತು.

'ರ‍್ಯಾಂಡಮ್' ಪ್ಯಾಕೇಜ್ (ಈ ಫಂಕ್ಷನ್‌ಗಳಿರುವ ಸಂಗ್ರಹ) 2020ರಲ್ಲಿ ಬಂದ 1.2 ಆವೃತ್ತಿಯಿಂದ ಸ್ಪ್ಲಿಟ್‌ಮಿಕ್ಸ್ ಎಂಬ ಅಲ್ಗಾರಿದಮ್ ಬಳಸುತ್ತಿದೆ. ಹಳೆಯದಕ್ಕಿಂತ ಬಹಳ ವೇಗ. ಜನರೇಟರನ್ನು ಎರಡಾಗಿ ಸೀಳಲೆಂದೇ ರೂಪಿಸಿದ್ದರಿಂದ ಸಮಾನಾಂತರ ಲೆಕ್ಕಗಳಿಗೂ ಒಗ್ಗುತ್ತದೆ. ಆದರೆ ಪಾಸ್‌ವರ್ಡ್, ಒಟಿಪಿ ತಯಾರಿಸಲು ಇದನ್ನು ಬಳಸಲೇಬಾರದು; ಮುಂದಿನ ಸಂಖ್ಯೆಯನ್ನು ಊಹಿಸಬಹುದು. ಲೇಖನದಲ್ಲಿ ಈ ಎಚ್ಚರಿಕೆಯೂ ಇರಬೇಕಿತ್ತು.

– ಇಬ್ಬರು ಓದುಗರು, ಮೈಸೂರು